ಡಿ ಡ್ರೈವ್ ಅಂದ್ರ ತಿಜೋರಿ ಅಲ್ಲ

ನಮ್ಮ ಭಿಶಿ ಲೆಕ್ಕ ಕಳೀತಲ್ಲಾ, "ಲಿನಕ್ಸ್ ಹಾಕಿಸಿದ್ದಕ್ಕ ಹಂಗಾತು" ಅಂತ ಇನ್ನೂ ಹೇಳ್ಕೋತ ಅಡ್ಡಾಡ್ತೀರಿ. ಮೊನ್ನೆ ಅರಿಷಿಣ ಕುಂಕುಮಕ್ಕ ಬಂದಾಗೂ ಅದ ಮಾತು. ಹಂಗಲ್ಲರೀ ವೈನಿ. ಒಂದ ಕಂಪ್ಯೂಟರಿನಾಗ ಎರಡು ಸಿಸ್ಟಮ್ ಇಡೂದು ತಪ್ಪಲ್ಲ. ಮನ್ಯಾಗ ಯಾರನ್ನೂ ಕೇಳದ ಪಾಲು ಮಾಡೂದು ತಪ್ಪು. "ನಿಮಗ ತಿಳಿಯೂದಿಲ್ಲ ಬಿಡ್ರಿ" ಅಂದಾಗ ನಾ ಸುಮ್ಮನಾದೆನಲ್ಲ, ಅದೂ ತಪ್ಪು.

ಆಗಿದ್ದಿಷ್ಟು. ಸೂಟಿಗೆ ಬಂದ ಹುಡುಗ, ನಮ್ಮ ಮನಿಯವನ. ಹೆಸರು ಬ್ಯಾಡ, ಅಂವಾನೂ ಓದ್ತಾನ ಇದನ್ನ. "ಕಾಕು, ಕಂಪ್ಯೂಟರ್ ಭಾಳ ಸ್ಲೋ ಅದ, ವಿಂಡೋಸ್ ಜೋಡಿ ಲಿನಕ್ಸೂ ಹಾಕ್ತೇನಿ" ಅಂದ. ಫೋಟೋ ಏನಾಗ್ತಾವೋ ಅಂದೆ. "ಎಲ್ಲಾ ಡಿ ಡ್ರೈವ್‌ನಾಗ ಇಟ್ಟೇನಿ, ಏನೂ ಆಗೂದಿಲ್ಲ." ನಾ ಸಾರಿಗೆ ಒಗ್ಗರಣಿ ಕೊಡ್ಲಿಕ್ಕೆ ಒಳಗ ಹೋದೆ. ಹೊರಗ ಬರೂದ್ರಾಗ ಸಿ-ನೂ ಇಲ್ಲ, ಡಿ-ನೂ ಇಲ್ಲ. ನಮ್ಮ ಹನ್ನೆರಡು ಮಂದಿ ಭಿಶಿ ಲೆಕ್ಕ ಹೋತು. ನಮ್ಮ ಅತ್ತಿಯವರು ಕಡೀ ದೀಪಾವಳಿಗೆ ಕರ್ಚಿಕಾಯಿ ಮಡಚಿಕೋತ ಕೂತ ಫೋಟೋ, ಅದೂ ಹೋತು.

ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಸಿ, ಡಿ ಅಂದ್ರ ಬ್ಯಾರೆ ಬ್ಯಾರೆ ಡಿಸ್ಕ್ ಅಲ್ಲ. ನಮ್ಮ ಕಂಪ್ಯೂಟರಿನಾಗ ಇರೂದು ಒಂದ ಡಿಸ್ಕ್, ನಡುವ ಗೆರಿ ಹೊಡದಾರ, ಅಷ್ಟ. ಅಣ್ಣತಮ್ಮಂದಿರು ಹಳೇ ಮನ್ಯಾಗ ಗ್ವಾಡಿ ಎಬ್ಬಿಸಿಕೊಂಡಂಗ. ಬಾಗಿಲಾ ಎರಡು, ತಳಪಾಯ ಒಂದ. ಲಿನಕ್ಸ್ ಹಾಕೂವಾಗ 'ಇರೇಸ್ ಡಿಸ್ಕ್' ಅಂತ ಒಂದು ಆಯ್ಕೆ ಬರ್ತದ. ಅದನ್ನ ಒತ್ತಿದ್ರ ಇಡೀ ಮನೀನ ಕೆಡವಿದಂಗ. ಸಾಮಾನು ದೇವರ ಮನ್ಯಾಗ ಇಟ್ಟಿದ್ರೂ ಅಷ್ಟ, ಪಡಸಾಲ್ಯಾಗ ಇಟ್ಟಿದ್ರೂ ಅಷ್ಟ.

ಅದಾದ ಮ್ಯಾಲ ಮತ್ತ ವಿಂಡೋಸ್ 10 ಹಾಕಿಸಿದಿವಿ. 2025ರ ಅಕ್ಟೋಬರ್ 14ಕ್ಕ ಅದರ ಸಪೋರ್ಟೂ ಮುಗೀತು. ಅಂಗಡಿಯವ್ರು "ಇದಕ್ಕ ಟಿಪಿಎಂ 2.0 ಇಲ್ಲ, 11 ಕೂಡೂದಿಲ್ಲ, ಹೊಸಾದು ತೊಗೋರಿ" ಅಂದ್ರು. ಮಿಕ್ಸರಿನ ಒಂದು ಜಾರ್ ಸೋರಿದ್ರ ಮಿಕ್ಸರ್ ಒಗೀತೀವೇನು? ಈ ಸಲ ನಾನ ಕೂತೆ.

ಮೊದಲ ಹೊರಗಿನ ಹಾರ್ಡ್ ಡಿಸ್ಕಿಗೆ ಎಲ್ಲಾ ಕಾಪಿ ಮಾಡಿ, ವೈರ್ ಬಿಚ್ಚಿ ಕಪಾಟಿನಾಗ ಇಟ್ಟೆ. ಆಮ್ಯಾಲ ವಿಂಡೋಸಿನಾಗ ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡಿದೆ. (ಲ್ಯಾಪ್‌ಟಾಪಿನಾಗ ಬಿಟ್‌ಲಾಕರ್ ಇದ್ರ ರಿಕವರಿ ಕೀ ಕಾಗದದ ಮ್ಯಾಲ ಬರ್ಕೊಂಡ ಮುಂದ ಹೋಗ್ರಿ.) ಡಿಸ್ಕ್ ಮ್ಯಾನೇಜ್‌ಮೆಂಟ್ ತಗದು, ಡಿ ಮ್ಯಾಲ 'ಶ್ರಿಂಕ್ ವಾಲ್ಯೂಮ್' ಒತ್ತಿದೆ. ಅದು ಎಂಬಿ ಲೆಕ್ಕದಾಗ ಕೇಳ್ತದ. 100 ಜಿಬಿಗೆ 1,02,400 ಅಂತ ಹಾಕಿದೆ. ಅಷ್ಟು ಜಾಗಾ ಖಾಲಿ ಬಿತ್ತು. ಲಿನಕ್ಸ್ ಮಿಂಟಿಗೆ 20 ಜಿಬಿ ಸಾಕು, 100 ಇದ್ರ ಆರಾಮ. ಮಿಂಟ್ ಹಾಕೂವಾಗ 'ಅಲಾಂಗ್‌ಸೈಡ್', ಅಂದ್ರ ವಿಂಡೋಸಿನ ಮಗ್ಗಲದಾಗ, ಅಂತ ಇದ್ದದ್ದನ್ನ ಎರಡು ಸಲ ಓದಿ ಒತ್ತಿದೆ. ಗ್ಯಾಸಿನ ಮ್ಯಾಲ ಏನೂ ಇಟ್ಟಿರಲಿಲ್ಲ ಆವತ್ತು.

ಈಗ ಚಾಲೂ ಮಾಡಿದ ಕೂಡ್ಲೆ ಯಾವುದು ಬೇಕಂತ ಕೇಳ್ತದ. ಹಳೇ ನುಡಿ ಫೈಲಿಗೆ ವಿಂಡೋಸ್, ಅದೂ ನೆಟ್ ತಗದು. ಬ್ಯಾಂಕಿಗೆ, ವಿಡಿಯೋ ಕಾಲಿಗೆ ಮಿಂಟ್. ಒಂದು ರೂಪಾಯಿ ಖರ್ಚಿಲ್ಲ.

"ಹುಡುಗರು ಮಾಡ್ತಾರ, ನಿಮಗ್ಯಾಕ ಉಸಾಬರಿ" ಅಂತ ನಮ್ಮ ಗಂಡಸರು ಅಂತಾರ. 2005ರ ತಿದ್ದುಪಡಿ ಆದಮ್ಯಾಲ ಹೊಲಾ ಮನಿ ಪಾಲಿಗೂ ಹೆಣ್ಣುಮಕ್ಕಳನ್ನ ಕೇಳಬೇಕು. ನಮ್ಮ ಫೋಟೋ, ನಮ್ಮ ಲೆಕ್ಕ ಇರೂ ಡಿಸ್ಕಿನ ಪಾಲಿಗೆ ಮಾತ್ರ ನಾವು ಚಹಾ ಮಾಡಿಕೊಟ್ಟ ಒಳಗ ಹೋಗಬೇಕೇನು?

ಮಿಂಟ್ ಹಾಕಿದ ಪೆನ್‌ಡ್ರೈವ್ ನಮ್ಮ ಮನ್ಯಾಗ ಅದ, ಬೇಕಾದವ್ರು ಒಯ್ಯಿರಿ. ಹಾರ್ಡ್ ಡಿಸ್ಕ್ ನಿಮ್ಮದ ತರ್ರಿ. ಭಿಶಿ ಲೆಕ್ಕ ನಿಮ್ಮ ಡೈರ್ಯಾಗ ಬರ್ಕೊಂಡಿದ್ರ ಕಳಸ್ರಿ, ಮತ್ತ ಕೂಡಸ್ತೇನಿ. ಅತ್ತಿಯವರ ಆ ದೀಪಾವಳಿ ಫೋಟೋ ಯಾರದರ ಫೋನಿನಾಗ ಇದ್ರ, ಅದನ್ನೂ.