ನೀರುಳ್ಳಿ ಅಗ್ಗ ಮಾಡಿ ಎಂದು ನಾವು ಕೇಳಿದ್ದೆವೇ?



ನೀರುಳ್ಳಿ ದರ ಕಿಲೋಗೆ ಅರವತ್ತು ದಾಟಿದರೆ ಸಾಕು, ಟಿ.ವಿ.ಯವರು ಕ್ಯಾಮರಾ ಹಿಡಿದುಕೊಂಡು ಮೊದಲು ಬರುವುದು ನಮ್ಮ ಹೊಟೇಲುಗಳಿಗೆ. "ಕಾಂದಾ ಭಜಿ ಬಂದ್ ಮಾಡಿದ್ದೀರಾ? ಮಿಸಳ್ ಜೊತೆ ಕಾಂದಾ ಕೊಡುತ್ತಿದ್ದೀರಾ?" ಎಂದು ಕೇಳುತ್ತಾರೆ. ನಮ್ಮವರೂ ಮುಖ ಸಪ್ಪೆ ಮಾಡಿಕೊಂಡು "ಏನು ಮಾಡುವುದು ಸಾಹೇಬರೇ, ಧಂದೆ ನಡೆಸುವುದೇ ಕಷ್ಟವಾಗಿದೆ" ಎನ್ನುತ್ತಾರೆ. ಈ ಮಾತು ದಿಲ್ಲಿಗೆ ಬೇಗ ಕೇಳಿಸುತ್ತದೆ. ಸ್ವಲ್ಪ ದಿನದಲ್ಲೇ ರಫ್ತಿಗೆ ಸುಂಕ, ಇಲ್ಲವೇ ರಫ್ತೇ ಬಂದ್. ಎಲ್ಲವೂ ಗ್ರಾಹಕರ ಹಿತಕ್ಕಾಗಿ ಎಂದು ಹೇಳುತ್ತಾರೆ. ಆ ಗ್ರಾಹಕರ ಪಟ್ಟಿಯಲ್ಲಿ ನಾವು ಹೊಟೇಲಿನವರೂ ಇದ್ದೇವೆ. ನಮ್ಮ ಹೆಸರಿನಲ್ಲಿ ನಡೆಯುವ ಈ ಕೆಲಸ ನಮಗೆ ಬೇಕೇ ಬೇಡವೇ ಎಂದು ನಾವು ಒಟ್ಟಾಗಿ ಕುಳಿತು ಚರ್ಚಿಸಿದ್ದಿಲ್ಲ. ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ನಮ್ಮ ಹೊಟೇಲು ಇರುವುದು ಪುಣೆ-ಸೊಲ್ಲಾಪುರ ಹೆದ್ದಾರಿಯಲ್ಲಿ, ದೌಂಡ್ ತಾಲೂಕಿನ ಕುರಕುಂಭದಲ್ಲಿ. ಹೊರಗಿನವರಿಗೆ ಕುರಕುಂಭ ಎಂದರೆ ಎಂ.ಐ.ಡಿ.ಸಿ., ಕೆಮಿಕಲ್ ಫ್ಯಾಕ್ಟರಿಗಳು. ಫಿರಂಗಾಯಿ ದೇವಿಯ ಭಕ್ತರಿಗೆ ಅದು ದೇವಸ್ಥಾನದ ಊರು. ಕೌಂಟರಿನಲ್ಲಿ ಕುಳಿತವರಿಗೆ ಗೊತ್ತಿರುವ ಕುರಕುಂಭ ಬೇರೆ. ಫ್ಯಾಕ್ಟರಿಯವರ ವ್ಯಾಪಾರ ತಿಂಗಳು ತಿಂಗಳು ಹೆಚ್ಚುಕಡಿಮೆ ಒಂದೇ. ಲಾರಿ, ಕಾರುಗಳ ವ್ಯಾಪಾರ ರಸ್ತೆಯನ್ನು ನಂಬಿದ್ದು. ಏರುವುದು ಇಳಿಯುವುದು ಹಳ್ಳಿಯ ಗಿರಾಕಿಯದ್ದು. ಮಾಲು ಮಾರಿ ಕೈಯಲ್ಲಿ ನಾಲ್ಕು ಕಾಸು ಬಂದರೆ ಮದುವೆ ಬಟ್ಟೆಗೆಂದು ದೌಂಡಿಗೋ ಬಾರಾಮತಿಗೋ ಹೊರಟ ಮನೆಮಂದಿ ನಮ್ಮಲ್ಲಿ ಇಳಿಯುತ್ತಾರೆ. ಆರು ಮಸಾಲೆ ದೋಸೆ, ಮಕ್ಕಳಿಗೆ ಐಸ್‌ಕ್ರೀಮ್, ಅಜ್ಜಿಗೆ ಇಡ್ಲಿ. ಮಾಲಿಗೆ ದರ ಇಲ್ಲದ ವರುಷ ಅದೇ ಯಜಮಾನ ಒಬ್ಬನೇ ಬೈಕಿನಲ್ಲಿ ಬಂದು ಕಟಿಂಗ್ ಚಹಾ ಕುಡಿದು ಹೋಗುತ್ತಾನೆ. ಹೆದ್ದಾರಿಯುದ್ದಕ್ಕೂ, ಯವತ್‌ನಿಂದ ಇಂದಾಪುರದವರೆಗೆ, ಹೊಟೇಲು ಇಟ್ಟಿರುವ ನಮ್ಮ ಊರವರನ್ನು ಕೇಳಿ ನೋಡಿ, ಇದನ್ನೇ ಹೇಳುತ್ತಾರೆ.

ಈಗ ಸರಕಾರ ಮಾಡಿದ್ದನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. 2019ರ ಸೆಪ್ಟೆಂಬರ್‌ನಲ್ಲಿ ನೀರುಳ್ಳಿ ರಫ್ತು ಬಂದ್. 2020ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಂದ್, 2021ರ ಜನವರಿ 1ಕ್ಕೆ ತೆರೆದರು. 2023ರ ಆಗಸ್ಟ್‌ನಲ್ಲಿ ಶೇಕಡಾ 40 ರಫ್ತು ಸುಂಕ. ನಾಶಿಕ್ ಜಿಲ್ಲೆಯ ಮಾರುಕಟ್ಟೆಗಳಲ್ಲಿ ಹರಾಜು ನಿಂತಿತು. ಅಕ್ಟೋಬರ್‌ನಲ್ಲಿ ಟನ್ನಿಗೆ 800 ಡಾಲರಿಗಿಂತ ಕಡಿಮೆಗೆ ಹೊರಗೆ ಮಾರಬಾರದು ಎಂದರು. ಡಿಸೆಂಬರ್ 8ಕ್ಕೆ ಪೂರ್ತಿ ಬಂದ್. 2024ರ ಮೇ 4ರಂದು ಬಂದ್ ತೆಗೆದರು, ಆದರೆ 550 ಡಾಲರ್ ಕನಿಷ್ಠ ದರ, ಜೊತೆಗೆ ಶೇಕಡಾ 40 ಸುಂಕ. ಸೆಪ್ಟೆಂಬರ್‌ನಲ್ಲಿ ಸುಂಕ 20ಕ್ಕೆ ಇಳಿಯಿತು. 2025ರ ಏಪ್ರಿಲ್ 1ರಿಂದ ಸುಂಕವೇ ಇಲ್ಲ. ಓದುವಾಗಲೇ ನಿಮಗೆ ತಲೆ ತಿರುಗಿರಬಹುದು. ಹೊಲದಲ್ಲಿ ಸಸಿ ನೆಟ್ಟವನ ಗತಿ ಏನು? ನೆಡುವಾಗ ಇದ್ದ ಕಾನೂನು ಕೀಳುವಾಗ ಇರುವುದಿಲ್ಲ. ನಾವು ಹೊಟೇಲು ಕಟ್ಟಿ ಮುಗಿಸಿದ ಮೇಲೆ ಮುಂದಿನ ಬಾಗಿಲಿಗೆ ಗೋಡೆ ಕಟ್ಟಿದ ಹಾಗೆ.

ಸುಂಕ ತೆಗೆದ ಮೇಲಾದರೂ ದರ ಏಳಬೇಕಿತ್ತಲ್ಲ ಎಂದು ಕೇಳಬಹುದು. 2025ರಲ್ಲಿ ಏಳಲಿಲ್ಲ. ನಮ್ಮಲ್ಲೂ ಒಬ್ಬ ದೊಡ್ಡ ಆರ್ಡರಿನ ಗಿರಾಕಿಗೆ ಎರಡು ಸಲ "ಇವತ್ತು ಊಟ ಇಲ್ಲ" ಎಂದರೆ ಮೂರನೆಯ ಸಲ ಅವನು ಫೋನು ಮಾಡುವುದಿಲ್ಲ, ಪಕ್ಕದವರಲ್ಲಿ ಗೊತ್ತು ಮಾಡಿಕೊಳ್ಳುತ್ತಾನೆ. ಬಾಂಗ್ಲಾದೇಶ, ಶ್ರೀಲಂಕಾ, ಮಲೇಷ್ಯಾ, ದುಬೈಯವರೂ ವ್ಯಾಪಾರಸ್ಥರೇ ಅಲ್ಲವೇ? ಪಾಕಿಸ್ತಾನ, ಚೀನಾದ ಮಾಲು ಅವರಿಗೆ ಅಭ್ಯಾಸವಾಯಿತು.

ದರ ಬಿದ್ದರೆ ಎಲ್ಲಿಗೆ ಬೀಳುತ್ತದೆ ಎಂಬುದೂ ಗೊತ್ತಿರಲಿ. 2022ರ ನವೆಂಬರ್‌ನಲ್ಲಿ ಗದಗ ಜಿಲ್ಲೆಯ ಒಬ್ಬ ರೈತರು 205 ಕಿಲೋ ನೀರುಳ್ಳಿಯನ್ನು ನಾನೂರು ಕಿಲೋಮೀಟರಿಗೂ ದೂರದ ಬೆಂಗಳೂರಿನ ಯಶವಂತಪುರಕ್ಕೆ ತಂದು ಮಾರಿದರು. ಗಾಡಿ ಬಾಡಿಗೆ, ಹಮಾಲಿ ಕಳೆದು ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. 2023ರ ಫೆಬ್ರವರಿಯಲ್ಲಿ, ನಮ್ಮ ಇದೇ ಹೆದ್ದಾರಿಯ ಸೊಲ್ಲಾಪುರ ಮಾರುಕಟ್ಟೆಯಲ್ಲಿ, 512 ಕಿಲೋ ಮಾರಿದ ರೈತರಿಗೆ 2 ರೂಪಾಯಿಯ ಚೆಕ್ಕು ಸಿಕ್ಕಿತು. ಎರಡೂ ಪತ್ರಿಕೆಯಲ್ಲಿ ಬಂದ ಸುದ್ದಿ. ಆಗ ರಫ್ತು ಬಂದ್ ಇರಲಿಲ್ಲ ಎಂಬುದು ಸರಿ. ಆದರೆ ಬಿದ್ದಾಗ ಹಿಡಿಯಲು ಯಾರೂ ಬಾರದೆ, ಎದ್ದಾಗ ತಲೆ ಮೇಲೆ ಕೈ ಇಡಲು ಮಾತ್ರ ಓಡಿ ಬಂದರೆ ರೈತನಿಗೆ ಉಳಿಯುವುದು ಏನು?

ನಮ್ಮ ಲೆಕ್ಕವನ್ನೂ ಹೇಳುತ್ತೇವೆ. ನಮ್ಮಲ್ಲಿ ದಿನಕ್ಕೆ ಸುಮಾರು 40 ಕಿಲೋ ನೀರುಳ್ಳಿ ಬೇಕು. ದರ 20ರಿಂದ 60ಕ್ಕೆ ಏರಿದರೆ ದಿನಕ್ಕೆ 1,600 ರೂಪಾಯಿ ಹೆಚ್ಚು. ಎಂಟುನೂರು ಗಿರಾಕಿಗೆ ಹಂಚಿದರೆ ತಲೆಗೆ 2 ರೂಪಾಯಿ. ನೋವಾಗುವುದಿಲ್ಲ ಎನ್ನುವುದಿಲ್ಲ. ಆದರೆ ನೀರುಳ್ಳಿಯಿಂದಾಗಿ ಬಾಗಿಲು ಹಾಕಿದ ಒಂದು ಹೊಟೇಲಿನ ಹೆಸರು ಹೇಳಿ ನೋಡೋಣ! ಬಾಡಿಗೆ ತಡೆಯದೆ, ಗ್ಯಾಸಿನ ಖರ್ಚು ತಡೆಯದೆ, ಊರಿಂದ ಕೆಲಸದ ಹುಡುಗರು ಬಾರದೆ ಮುಚ್ಚಿದವು ಬೇಕಾದಷ್ಟಿವೆ. ದರ ಏರಿದಾಗ ಭಜಿಗೆ ಕೋಬಿ ಬೆರೆಸುವ, ಪ್ಲೇಟಿಗೆ ಮೂಲಂಗಿ ಇಡುವ ನಮ್ಮ ಹಳೆಯ ಉಪಾಯಗಳೂ ಇದ್ದೇ ಇವೆ. (ದರ ಇಳಿದ ಮೇಲೂ ಕೋಬಿಯನ್ನೇ ಮುಂದುವರಿಸುವವರಿದ್ದಾರೆ, ಅದು ಬೇರೆ ವಿಷಯ.)

ಬಡವರ ಮನೆಗೆ, ವಡಾಪಾವ್ ಗಾಡಿಯವನಿಗೆ ಆ ನಲವತ್ತು ರೂಪಾಯಿ ದೊಡ್ಡದು, ಒಪ್ಪುತ್ತೇವೆ. 1998ರಲ್ಲಿ ದಿಲ್ಲಿಯ ಸರಕಾರವೇ ನೀರುಳ್ಳಿಯಿಂದ ಬಿತ್ತು ಎಂದು ಇಂದಿಗೂ ಹೇಳುತ್ತಾರೆ, ಹಾಗಾಗಿ ಮಂತ್ರಿಗಳ ಹೆದರಿಕೆಯೂ ಅರ್ಥವಾಗುತ್ತದೆ. ಆದರೆ 2024ರಲ್ಲಿ ನೀರುಳ್ಳಿ ಬೆಳೆಯುವ ದಿಂಡೋರಿಯಲ್ಲಿ ಕೇಂದ್ರದ ಸಚಿವರೇ ಸೋತರು. ಬಡವರಿಗೆ ಸಹಾಯ ಮಾಡಲು ಬೇರೆ ದಾರಿ ಸರಕಾರದ ಕೈಯಲ್ಲೇ ಇದೆ. ನಾಫೆಡ್ ಮತ್ತು ಎನ್.ಸಿ.ಸಿ.ಎಫ್. ಮೂಲಕ ರೈತರಿಂದ ಕೊಂಡು ಇಟ್ಟ ನೀರುಳ್ಳಿಯನ್ನು 2023ರಲ್ಲಿ ಕಿಲೋಗೆ 25 ರೂಪಾಯಿಗೆ, 2024ರಲ್ಲಿ 35ಕ್ಕೆ ಗಾಡಿಗಳಲ್ಲಿ ಮಾರಿದರು. ಅದನ್ನು ಹೆಚ್ಚು ಮಾಡಲಿ, ಬೇಗ ಮಾಡಲಿ, ಗ್ರಾಹಕರ ಬಾಗಿಲಿಗೇ ತಲುಪಿಸಲಿ. ಬಂದರಿಗೆ ಬೀಗ ಹಾಕುವುದು ಏಕೆ?

ಇದರಲ್ಲಿ ಇನ್ನೊಂದು ಸಂಗತಿ ಇದೆ, ಬಹಳ ಮಂದಿ ಗಮನಿಸುವುದಿಲ್ಲ. ಕಬ್ಬಿಗೆ ಕೇಂದ್ರ ಸರಕಾರ ಪ್ರತಿವರ್ಷ ದರ ಗೊತ್ತು ಮಾಡುತ್ತದೆ. 2025-26ರ ಹಂಗಾಮಿಗೆ ಕ್ವಿಂಟಾಲಿಗೆ 355 ರೂಪಾಯಿ. ನೀರುಳ್ಳಿಗೆ ಅಂಥ ಬೆಲೆ ಇಲ್ಲ, ಬೆಂಬಲ ಬೆಲೆಯ ಪಟ್ಟಿಯಲ್ಲೂ ಅದು ಇಲ್ಲ. ಎರಡು ಸಲ ಕೈ ಸುಟ್ಟುಕೊಂಡ ರೈತ ಮೂರನೆಯ ಸಲ ಏನು ಹಾಕುತ್ತಾನೆ? ನೀರು ಇದ್ದರೆ ಕಬ್ಬು. ಇಲ್ಲದಿದ್ದರೆ ರಸ್ತೆ ಬದಿಯ ಜಮೀನನ್ನು ಪ್ಲಾಟಿಂಗಿನವರಿಗೆ ಮಾರುತ್ತಾನೆ. ದೌಂಡ್, ಇಂದಾಪುರದ ಕಡೆ ಖಡಕ್‌ವಾಸಲಾದ ಕಾಲುವೆ ನೀರು, ಪುಣೆ ಶಹರಿಗೂ ಅದೇ ಅಣೆಕಟ್ಟುಗಳ ನೀರು. ಕಬ್ಬು ಹೆಚ್ಚಾದಷ್ಟೂ ಬೇಸಿಗೆಯಲ್ಲಿ ನೀರಿನ ಜಗಳ ಹೆಚ್ಚು, ಟ್ಯಾಂಕರಿಗೆ ನಾವು ಕೊಡುವ ಹಣವೂ ಹೆಚ್ಚು. ಗ್ರಾಮಾಭಿವೃದ್ಧಿ ಯೋಜನೆ ಎಂದು ದೊಡ್ಡ ದೊಡ್ಡ ನಕ್ಷೆ ತಯಾರಿಸುತ್ತಾರೆ. ಯಾವ ಹೊಲದಲ್ಲಿ ಏನು ಬೆಳೆಯಬೇಕು, ಯಾವುದು ಪ್ಲಾಟ್ ಆಗಬೇಕು ಎಂಬುದನ್ನು ತೀರ್ಮಾನಿಸುವುದು ಮಾತ್ರ ದಿಲ್ಲಿಯಿಂದ ರಾತ್ರಿ ಹೊರಡುವ ಒಂದು ಪುಟದ ಆದೇಶ. ಬೆಳೆಯುವವರು ಕಡಿಮೆಯಾದರೆ ಮುಂದಿನ ಸಲ ದರ ಅರವತ್ತಕ್ಕಲ್ಲ, ನೂರಕ್ಕೆ ಹೋಗುತ್ತದೆ. ಆಗ ಟಿ.ವಿ.ಯವರು ಪುನಃ ಬರುತ್ತಾರೆ.

ನಮ್ಮ ಸಂಘ ಸರಕಾರಕ್ಕೆ ಒಂದು ಮನವಿ ಕೊಡಬೇಕು ಎಂಬುದು ನಮ್ಮ ಸೂಚನೆ. ರಫ್ತಿಗೆ ಕಡಿವಾಣ ಹಾಕಲೇಬೇಕು ಎಂದಾದರೆ ಯಾವ ದರಕ್ಕೆ ಎಷ್ಟು ಸುಂಕ ಎಂದು ಬಿತ್ತನೆಗೆ ಮೊದಲೇ ಹೇಳಲಿ, ನಡುವೆ ಬದಲಿಸದಿರಲಿ. ಹೊಟೇಲಿನವರೇ ಹೀಗೆ ಕೇಳಿದರೆ ಅದಕ್ಕೆ ತೂಕ ಹೆಚ್ಚು. ರೈತ ಸಂಘದವರು ಕೇಳಿದರೆ ಅವರ ಸ್ವಾರ್ಥ ಎನ್ನುತ್ತಾರೆ, ನಮಗೆ ಹಾಗೆ ಹೇಳಲಾಗದು.

ಸರಕಾರವನ್ನು ಕಾಯದೆ ಮಾಡಬಹುದಾದದ್ದೂ ಇದೆ. 2016ರಲ್ಲಿ ಮಹಾರಾಷ್ಟ್ರ ಸರಕಾರ ಹಣ್ಣು ತರಕಾರಿಯನ್ನು, ಕಾಂದಾ ಬಟಾಟೆ ಸಹಿತ, ಬಾಜಾರ ಸಮಿತಿಯ ಕಟ್ಟುಪಾಡಿನಿಂದ ಬಿಟ್ಟಿತು. ರೈತರಿಂದ ನೇರ ಕೊಳ್ಳಲು ನಮಗೆ ತೊಂದರೆ ಇಲ್ಲ. ಬೇಸಿಗೆಯ ನೀರುಳ್ಳಿ ಏಪ್ರಿಲ್-ಮೇಯಲ್ಲಿ ಹೊಲದಿಂದ ಬರುತ್ತದೆ, ಗಾಳಿಯಾಡುವ ಕಾಂದಾ ಚಾಳಿನಲ್ಲಿ ಇಟ್ಟರೆ ಒಂದಷ್ಟು ಒಣಗಿ, ಒಂದಷ್ಟು ಕೊಳೆತರೂ ದೀಪಾವಳಿವರೆಗೆ ಬರುತ್ತದೆ. ಏಳೆಂಟು ಹೊಟೇಲಿನವರು ಸೇರಿ ಇಬ್ಬರು ಮೂವರು ರೈತರೊಡನೆ ಆರು ತಿಂಗಳಿಗೆ ಒಂದೇ ದರ ಮಾತಾಡಿಕೊಂಡರೆ, ಅವರಿಗೂ ನಿದ್ದೆ ಬರುತ್ತದೆ, ನಮಗೂ. ದರ 15 ಆದರೂ 50 ಆದರೂ ಮಾತು ಮುರಿಯಬಾರದು, ಎರಡು ಕಡೆಯವರೂ. ದೌಂಡ್, ಕುರಕುಂಭ, ಭಿಗವಣ್ ಕಡೆಯ ಸದಸ್ಯರು ಮಾರ್ಚ್ ತಿಂಗಳ ಒಳಗೆ ಒಮ್ಮೆ ಸೇರುವುದು ಒಳ್ಳೆಯದು. ಸ್ಥಳದ ಚಿಂತೆ ಬೇಡ, ಮಧ್ಯಾಹ್ನ ಮೂರರಿಂದ ಐದರವರೆಗೆ ನಮ್ಮ ಮೇಲಿನ ಹಾಲು ಖಾಲಿ ಇರುತ್ತದೆ.