ಪಕ್ಕದೂರಿಗೆ ಸಾವಿರ ಕಿಲೋಮೀಟರು

ಕಲಬುರಗಿಗೊಂದು ವಿಮಾನ ನಿಲ್ದಾಣವಿದೆ, ಬೀದರಿಗೂ ಒಂದಿದೆ. ಮೊದಲನೆಯದು 2019ರ ನವೆಂಬರಿನಲ್ಲಿ, ಎರಡನೆಯದು 2020ರ ಫೆಬ್ರವರಿಯಲ್ಲಿ ಪ್ರಯಾಣಿಕರಿಗೆ ತೆರೆದವು. ಆಕಾಶಮಾರ್ಗದಲ್ಲಿ ಇವುಗಳ ನಡುವಿನ ಅಂತರ ಸುಮಾರು 87 ಕಿಲೋಮೀಟರು. ಗಂಟೆಗೆ 500 ಕಿ.ಮೀ. ವೇಗದ ಸಣ್ಣ ವಿಮಾನಕ್ಕೆ ಇದು ಹತ್ತು-ಹನ್ನೊಂದು ನಿಮಿಷದ ದಾರಿ. ಏರುವ, ಇಳಿಯುವ ಹೊತ್ತನ್ನು ಸೇರಿಸಿದರೂ ಸುಮಾರು ಅರ್ಧ ಗಂಟೆ.

ಇದು ಕಾಗದದ ಲೆಕ್ಕ. ನಿಜವಾಗಿ ಹೊರಟವನ ಪಾಡು ಬೇರೆ. ಈ ಎರಡು ಊರುಗಳ ನಡುವೆ ನೇರ ವಿಮಾನವಿಲ್ಲ. ಹಾರಿಯೇ ತೀರುವೆನೆಂದು ಹಟ ಹಿಡಿದವನು, ಹಾರಾಟವಿದ್ದ ದಿನ ನೋಡಿಕೊಂಡು, ಬೆಂಗಳೂರಿಗೆ 460 ಕಿ.ಮೀ. ಹೋಗಿ, ಅಲ್ಲಿಂದ ಬೀದರಿಗೆ 520 ಕಿ.ಮೀ. ಬರಬೇಕು. ಪಕ್ಕದ ಜಿಲ್ಲೆಗೆ ಹೋಗಲು ಹತ್ತಿರ ಹತ್ತಿರ ಸಾವಿರ ಕಿಲೋಮೀಟರು! ಅಷ್ಟರಲ್ಲಿ ಬಸ್ಸು ಹಿಡಿದವನು ಕೆಲಸ ಮುಗಿಸಿಕೊಂಡು ಮನೆಗೆ ಮರಳಿರುತ್ತಾನೆ.

ನಾಳೆಯೇ ನೇರ ವಿಮಾನ ಬಂತೆಂದು ಇಟ್ಟುಕೊಳ್ಳೋಣ. ಕಲಬುರಗಿಯ ನಿಲ್ದಾಣ ಊರಿನಿಂದ ಹದಿನಾಲ್ಕು ಕಿ.ಮೀ. ದೂರ. ಅಲ್ಲಿಗೆ ಆಟೋ ಬಾಡಿಗೆ, ಒಂದು ಗಂಟೆ ಮೊದಲೇ ಹೋಗಿ ತಪಾಸಣೆಗೆ ನಿಲ್ಲುವುದು, ಇಳಿದ ಮೇಲೆ ಮತ್ತೆ ಬಾಡಿಗೆ. ಅರ್ಧ ಗಂಟೆಯ ಹಾರಾಟಕ್ಕೆ ಎರಡು ಗಂಟೆಯ ಉಪಚಾರ!

ಹವಾಯಿ ಚಪ್ಪಲಿಯವನೂ ವಿಮಾನ ಹತ್ತಬೇಕೆಂಬ ಮಾತಿನೊಂದಿಗೆ 2017ರ ಏಪ್ರಿಲ್ 27ರಂದು ಉಡಾನ್ ಯೋಜನೆಯ ಮೊದಲ ವಿಮಾನ ಹಾರಿತು. ಕಂಪನಿಗಳ ನಷ್ಟ ತುಂಬಲು ಮೂರು ವರ್ಷ ನೆರವು. ಫಲವೇನು? ಮಹಾಲೇಖಪಾಲರ 2023ರ ವರದಿ ಹೇಳುತ್ತದೆ: ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಮೂರು ವರ್ಷ ಪೂರೈಸಿದವು 112. ನೆರವು ನಿಂತ ಮೇಲೆ, 2023ರ ಮಾರ್ಚಿನ ವೇಳೆಗೆ ಉಳಿದವು 54. ಸಬ್ಸಿಡಿ ಇಳಿದೊಡನೆ ವಿಮಾನವೂ ಇಳಿಯಿತು.

ನಾವು ವಿಮಾನದ ವೈರಿಗಳಲ್ಲ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 1967ರಿಂದ ವಿಮಾನ ಹಾರುತ್ತಿದೆ. ದೂರ 2.7 ಕಿ.ಮೀ., ಹೊತ್ತು ಎರಡೇ ನಿಮಿಷ. ಜಗತ್ತಿನ ಅತಿ ಚಿಕ್ಕ ವೇಳಾಪಟ್ಟಿಯ ಹಾರಾಟ. ಅದಕ್ಕೂ ಸಾರ್ವಜನಿಕ ಹಣವೇ ಆಧಾರ. ಆದರೆ ಅಲ್ಲಿ ನಡುವೆ ಸಮುದ್ರವಿದೆ. ಅದರಲ್ಲಿ ಕೂರುವವರು ಶಾಲೆಯ ಮೇಷ್ಟ್ರು, ವೈದ್ಯರು, ರೋಗಿಗಳು. ಜನರ ಅಗತ್ಯ ಮೊದಲು, ವಿಮಾನ ಆಮೇಲೆ. ನಮ್ಮಲ್ಲಿ ಉದ್ಘಾಟನೆ ಮೊದಲು, ಅಗತ್ಯದ ವಿಚಾರ ಆಮೇಲೆ.

ಕಲಬುರಗಿ-ಬೀದರ್ ನಡುವೆ ಸಮುದ್ರವಿಲ್ಲ. ರಸ್ತೆಯಿದೆ, ದಶಕಗಳ ಕಾಲ ಕಾದ ಮೇಲೆ 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ 110 ಕಿ.ಮೀ. ರೈಲು ಮಾರ್ಗವಿದೆ. ದಾಲ್ ಮಿಲ್ಲಿನ ಕೂಲಿಗಾರನಿಗೆ, ತೊಗರಿಯ ಸಣ್ಣ ವ್ಯಾಪಾರಿಗೆ ಬೇಕಾದುದು ಇಷ್ಟೇ: ಪಾಳಿಯ ಹೊತ್ತಿಗೆ, ಪೇಟೆಯ ಹೊತ್ತಿಗೆ ಸರಿಯಾಗಿ ಬರುವ ರೈಲು, ರಾತ್ರಿಯೂ ಸಿಗುವ ಬಸ್ಸು, ಕೈಗೆ ಎಟಕುವ ದರ. ನಿಲ್ದಾಣಗಳನ್ನು ಕಟ್ಟಿಯಾಗಿದೆ, ಕೆಡವಿ ಎನ್ನುವುದಿಲ್ಲ. ದೂರದೂರುಗಳಿಗೆ, ತುರ್ತು ರೋಗಿಗಳಿಗೆ ಅವು ಒದಗಲಿ. ಹತ್ತಿರದ ಊರುಗಳ ಹಣ ನೆಲದ ಮೇಲಿನ ಗಾಡಿಗೆ ಸಲ್ಲಲಿ.

ಸರ್ಕಾರ ಇನ್ನು ಮುಂದೆ ದೂರವನ್ನು ಅಳೆಯುವಾಗ ದುಡಿಯುವವನ ಮನೆಯ ಹೊಸ್ತಿಲಿನಿಂದ ಅಳೆಯಲಿ. ಮಂತ್ರಿಗಳು ರಿಬ್ಬನ್ ಕತ್ತರಿಸಿದ ಜಾಗದಿಂದ ಅಳೆದದ್ದು ಸಾಕು.