ಹಲಾಲ್ ಮುದ್ರೆಯ ಮರೆಯಲ್ಲಿ

ಶಿವಮೊಗ್ಗ, ಭದ್ರಾವತಿಗಳ ನಮ್ಮ ಯುವಕರು ವ್ಯಾಯಾಮದ ಬಳಿಕ ಪ್ರೋಟೀನ್ ಬಾರ್ ತಿನ್ನುತ್ತಾರೆ. ತಿನ್ನಲಿ, ದೇಹವೂ ಅಲ್ಲಾಹನ ಅಮಾನತ್ತು. ಆದರೆ ಗಲ್ಫ್‌ನಿಂದ ಬರುವವರ ಪೆಟ್ಟಿಗೆಯಲ್ಲಿ ತರಿಸಿ ಮಾರುವ ವ್ಯಾಪಾರಿಯೊಬ್ಬರನ್ನು, "ಇದರ ಮೇಲೆ ಆಮದುದಾರನ ಹೆಸರೆಲ್ಲಿ?" ಎಂದು ಕೇಳಿದೆ. "ಹಜರತ್, ಹಲಾಲ್ ಮುದ್ರೆ ಇದೆಯಲ್ಲ, ಇನ್ನೇನು ಬೇಕು?" ಎಂದರು.

ಬೇಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ನಿಯಮಗಳಂತೆ ಮಾರಾಟದ ಆಮದು ಆಹಾರದ ಮೇಲೆ ಆಮದುದಾರನ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಸಸ್ಯಾಹಾರ ಅಥವಾ ಮಾಂಸಾಹಾರದ ಗುರುತು ಇರಬೇಕು. ತಿಂದವನಿಗೆ ಕೆಡುಕಾದರೆ ಉತ್ತರಿಸಬೇಕಾದವನು ಯಾರೆಂದು ಹೇಳುವ ಸಾಲುಗಳಿವು. ಅವನ್ನು ಇಲ್ಲವಾಗಿಸಿ ಮಾರುವುದು ಹೊಣೆಯಿಂದ ನುಣುಚಿಕೊಳ್ಳುವುದೇ ಸರಿ.

ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟ ಘಟನೆಯನ್ನು ಸಹೀಹ್ ಮುಸ್ಲಿಂ ದಾಖಲಿಸಿದೆ. ಆ ಧಾನ್ಯ ಹರಾಮ್ ಆಗಿರಲಿಲ್ಲ; ಮಳೆಗೆ ನೆನೆದಿತ್ತು, ಅಷ್ಟೆ. ಒದ್ದೆಯನ್ನು ಗ್ರಾಹಕನ ಕಣ್ಣಿಗೆ ಕಾಣದಂತೆ ಅಡಿಯಲ್ಲಿಟ್ಟದ್ದೇ ವಂಚನೆಯಾಯಿತು. ವಸ್ತು ಹಲಾಲ್ ಆದ ಮಾತ್ರಕ್ಕೆ ವ್ಯಾಪಾರ ಹಲಾಲ್ ಆಗದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಕುರ್‌ಆನ್ ಹಲಾಲಿನೊಂದಿಗೆ ತಯ್ಯಿಬನ್ನೂ, ಅಂದರೆ ಶುದ್ಧವಾದುದನ್ನೂ, ಜೊತೆಯಾಗಿಯೇ ಹೇಳಿದೆ. ವ್ಯಾಪಾರಿ ಸಹೋದರರೇ, ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಡಿ. ಹೆತ್ತವರೇ, ಮುದ್ರೆಯನ್ನಷ್ಟೇ ಅಲ್ಲ, ಚೀಟಿಯನ್ನು ಪೂರ್ತಿ ಓದಿ; ಮಕ್ಕಳಿಗೂ ಓದಲು ಕಲಿಸಿ.